ಹನ್ನೆರಡು ಬೋಗುಣಿ

“ಬುದ್ಧಿ, ಮಕ್ಕಳಿಗೆ ಊಟ ಹಾಕುವಾಗ ಎಷ್ಟು ಬಗೆ ಮಾಡಿದರೆ ಸಾಕು?”

ಪಾಲಾಕ್ಷ ಹೀಗೆ ಕೇಳಿದಾಗ ಗುರುಗಳು ಮಠದ ಅಡುಗೆಮನೆಯ ಹೊರಗೆ ಕುಳಿತು ನೆನೆದ ಅವರೆಕಾಳು ಹಿತಕುತ್ತಿದ್ದರು. ಪಾಲಾಕ್ಷ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಬಳಿ ಸ್ವಲ್ಪ ಹೊತ್ತು ಕುಳಿತು ಹೋಗುವುದು ಅವನ ರೂಢಿ. ಬರುವ ಸೋಮವಾರ ಅವನ ಮಗಳಿಗೆ ಆರು ತುಂಬುತ್ತದೆ. ಮೂವತ್ತು ಮಕ್ಕಳನ್ನು ಕರೆದಿದ್ದಾನೆ. ಜೇಬಿನಲ್ಲಿ ಒಂದು ಪಟ್ಟಿ ಇದೆ, ಪಟ್ಟಿಯಲ್ಲಿ ಹತ್ತೊಂಬತ್ತು ತಿಂಡಿಗಳ ಹೆಸರಿದೆ. ಹೆಂಡತಿ ಮೂರು ಸಾಕು ಎನ್ನುತ್ತಾಳಂತೆ. ತಾಯಿ ಇಪ್ಪತ್ತೊಂದಾದರೂ ಇರಲಿ ಎನ್ನುತ್ತಾರಂತೆ. ಅವನಿಗೆ ಗುರುಗಳ ತೀರ್ಪು ಬೇಕಾಗಿತ್ತು.

ಗುರುಗಳು ಪಟ್ಟಿಯನ್ನು ನೋಡಲಿಲ್ಲ. ಎರಡು ಬೊಗಸೆ ಕಾಳನ್ನು ಅವನ ಮುಂದೆ ಸುರಿದು, ಬಾಯಿಗೆ ಕೆಲಸ ಕೊಟ್ಟವನು ಕೈಗೂ ಕೊಡು ಎಂದರು. ಪಾಲಾಕ್ಷ ಅಂಗಿಯ ತೋಳು ಮಡಿಸಿ ಕುಳಿತ. ಕಾಳು ಹಿತಕುತ್ತಲೇ ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಏಲಕ್ಕಿ, ಗೋಡಂಬಿ, ಒಣದ್ರಾಕ್ಷಿ ಅವನ ಸರಕು. ಮದುವೆಯಾಗಿ ಹತ್ತು ವರ್ಷ ಮಕ್ಕಳಿರಲಿಲ್ಲ. ಹನ್ನೊಂದನೆಯ ವರ್ಷ ಒಬ್ಬಳು ಮಗಳು ಹುಟ್ಟಿದಳು. ಅವಳು ನಡೆದರೆ ನೆಲಕ್ಕೆ ನೋವಾದೀತು ಎಂದಲ್ಲ, ಅವಳ ಕಾಲಿಗೆ ನೋವಾದೀತು ಎಂದು ಇವನು ಹೆದರುತ್ತಿದ್ದ. ಅದರಲ್ಲಿ ತಪ್ಪೇನೂ ಇಲ್ಲ. ಕಾದು ಪಡೆದವನಿಗೆ ಭಯ ಹೆಚ್ಚು.

ಮಗಳಿಗೆ ನಾಲ್ಕು ತುಂಬಿದ ಮೇಲೆ ವ್ಯಾಪಾರಿ ಊರಂಚಿನ ಒಂದು ಬೀದಿಯಲ್ಲಿ ಹೊಸ ಮನೆ ಕಟ್ಟಿಸಿ ಅಲ್ಲಿಗೆ ಬಂದ. ಆ ಬೀದಿಯಲ್ಲಿ ಅವನದನ್ನು ಬಿಟ್ಟು ಹನ್ನೆರಡು ಮನೆ. ಕುಂಬಾರ, ನೇಕಾರ, ಬಳೆಗಾರ, ಗಾಣದವನು, ಹೀಗೆ ಕೈ ಆಡಿಸಿ ಉಣ್ಣುವ ಜನ. ಹನ್ನೆರಡು ಮನೆಯಿಂದ ಹದಿನೆಂಟು ಮಕ್ಕಳು.

ಬೀದಿಗೆ ಒಂದು ಪದ್ಧತಿ ಇತ್ತು. ಯಾವ ಮಗುವಿಗೆ ವರ್ಷ ತುಂಬಿದರೂ ಆ ಮನೆಯವರು ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಎಲೆ ಹಾಕಬೇಕು. ಎಲೆಯ ಮೇಲೆ ಏನಿರಬೇಕು ಎಂಬುದಕ್ಕೆ ನಿಯಮವಿರಲಿಲ್ಲ. ಕುಂಬಾರನ ಮನೆಯಲ್ಲಿ ಕಡಲೆಪುರಿಗೆ ಕಾಯಿತುರಿ, ಬೆಲ್ಲ ಕಲಸಿ ಹಾಕುತ್ತಿದ್ದರು. ನೇಕಾರನ ಮನೆಯಲ್ಲಿ ಹುಳಿ ಅವಲಕ್ಕಿ. ಗಾಣದವನ ಮನೆಯಲ್ಲಿ ಎಳ್ಳುಂಡೆ. ಬಳೆಗಾರನ ಮನೆಯಲ್ಲಿ ಸೌತೆಕಾಯಿ ಕೋಸಂಬರಿ, ಬಾಳೆಹಣ್ಣು. ಒಂದು ಮನೆಯಲ್ಲಿ ಏನೂ ಇಲ್ಲದ ವರ್ಷ ಕಡಲೆಕಾಯಿ ಬೇಯಿಸಿ ಹಾಕಿದ್ದರು. ಸಿಪ್ಪೆಯನ್ನು ಒಬ್ಬರ ತಲೆಗೊಬ್ಬರು ಎಸೆದಾಡಲು ಸಿಕ್ಕಿತೆಂದು ಮಕ್ಕಳು ಆ ಊಟವನ್ನೇ ಬಹಳ ದಿನ ನೆನೆಸಿಕೊಂಡರು. ಮಕ್ಕಳು ಒಂದು ಎಲೆಯನ್ನು ಇನ್ನೊಂದು ಎಲೆಯೊಂದಿಗೆ ಹೋಲಿಸುವುದಿಲ್ಲ. ಅದು ನಮ್ಮ ನಿಮ್ಮಂಥ ದೊಡ್ಡವರಿಗೆ ಬರುವ ರೋಗ.

ವ್ಯಾಪಾರಿಯ ಮಗಳು ಒಂದು ವರ್ಷ ಪೂರ್ತಿ ಹೀಗೆ ಮನೆಮನೆಯಲ್ಲಿ ಉಂಡಳು. ಹದಿನೆಂಟು ಮಕ್ಕಳ ದಿನಗಳೂ ಅವಳಿಗೆ ಬಾಯಿಪಾಠವಾದವು. ಯುಗಾದಿಯಾದ ಎಂಟನೆಯ ದಿನ ಯಾರದು, ಗೌರಿ ಹಬ್ಬದ ಹಿಂದಿನ ದಿನ ಯಾರದು ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ಅಷ್ಟರಲ್ಲಿ ಅವಳಿಗೇ ಐದು ತುಂಬುವ ದಿನ ಬಂತು. ಏನು ಮಾಡಲಿ ಮಗಳೇ ಎಂದು ತಾಯಿ ಕೇಳಿದಳು. ಕುಂಬಾರರ ಮನೆಯಲ್ಲಿ ಮಾಡಿದ ಹಾಗೆ ಕಡಲೆಪುರಿ, ಎಲ್ಲರೂ ಸಾಲಾಗಿ ಕೂತುಕೊಳ್ಳಬೇಕು ಎಂದಳು ಮಗಳು.

ವ್ಯಾಪಾರಿ ಇದನ್ನು ಕೇಳಿ ನಕ್ಕ. ಬೀದಿಯವರೆಲ್ಲರ ಮನೆಯಲ್ಲಿ ಉಂಡುಬಂದ ಮಗಳು. ಅವಳ ಅಪ್ಪ ಕಡಲೆಪುರಿ ಹಂಚಿದ ಎಂದರೆ ಏನು ಚೆನ್ನ? ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂದು ಅವನ ತಂದೆ ಹೇಳುತ್ತಿದ್ದನಂತೆ. ಅವನು ಹುಟ್ಟಿದಾಗಿನಿಂದ ತನ್ನ ಕೈಯನ್ನು ಮೇಲೆಯೇ ಇಟ್ಟುಕೊಂಡಿದ್ದ. ಇದನ್ನು ಬರೀ ಜಂಬ ಎಂದು ತಿಳಿಯಬೇಡ ಪಾಲಾಕ್ಷ. ಒಳಗಿದ್ದದ್ದು ಪ್ರೀತಿಯೇ. ಪ್ರೀತಿಗೆ ಜರಿ ಅಂಚು ಹಾಕದೆ ಉಡಲಾರದ ಜನ ಇರುತ್ತಾರೆ, ನಿನ್ನ ಅಂಗಡಿಗೂ ಬರುತ್ತಿರಬೇಕು.

ಪಕ್ಕದ ಪಟ್ಟಣದಿಂದ ಮದುವೆ ಅಡುಗೆಯವರು ಬಂದರು. ಚಿರೋಟಿ, ಹೋಳಿಗೆ, ಎರಡು ಪಾಯಸ, ಮೂರು ಬಗೆಯ ಅನ್ನ, ಬೋಂಡ, ಲಾಡು. ಅಡುಗೆಯವರಿಗೆ ಬೀಗರಿಗೆ ಬಡಿಸಿ ಅಭ್ಯಾಸ. ಐದು ವರ್ಷದ ಮಕ್ಕಳಿಗೂ ಹಾಗೆಯೇ ಬಡಿಸಿದರು. ಮಕ್ಕಳ ಹೊಟ್ಟೆ ಒಂದು ಹಿಡಿ. ಮೊದಲ ಪಾಯಸಕ್ಕೇ ಅದು ತುಂಬಿತು. ಗಾಣದವನ ಕಿರಿಯ ಮಗ ಚಿರೋಟಿಯ ಮೇಲೆ ಹಾಲು ಸುರಿಯುವ ಮೊದಲೇ ಎಲೆಯ ಮುಂದೆ ನಿದ್ದೆ ಹೋದ. ಆದರೂ ಮಕ್ಕಳು ಸಂತೋಷದಿಂದಲೇ ಹೋದರು. ವ್ಯಾಪಾರಿಗೆ ಎದೆ ತುಂಬಿ ಬಂತು.

ತುಂಬಿದ ಎದೆ ಅಲ್ಲಿಗೆ ನಿಲ್ಲಲಿಲ್ಲ. ಚಿರೋಟಿ ಬಹಳ ಉಳಿದಿತ್ತು. ಹನ್ನೆರಡು ಹೊಸ ಹಿತ್ತಾಳೆ ಬೋಗುಣಿ ತರಿಸಿ, ಅವುಗಳ ತುಂಬ ಚಿರೋಟಿ ಜೋಡಿಸಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಹನ್ನೆರಡು ಮನೆಗೂ ಕಳಿಸಿದ. ತಪ್ಪು ನಡೆದದ್ದು ಇಲ್ಲಿ.

ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಕ್ಕದ ಮನೆಯಿಂದ ಪಲ್ಯ ಬಂದರೆ ಬಟ್ಟಲು ತೊಳೆದು ಒಂದು ಉಂಡೆ ಬೆಲ್ಲ ಹಾಕಿ ಕೊಡುತ್ತಾರೆ. ಸಾರು ಬಂದರೆ ನಾಲ್ಕು ಹಸಿಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಕುಂಬಾರನ ಹೆಂಡತಿ ಬೋಗುಣಿಯನ್ನು ತೊಳೆದು ಮುಂದಿಟ್ಟುಕೊಂಡು ಕುಳಿತಳು. ಚಿರೋಟಿ ಬಂದ ಪಾತ್ರೆಗೆ ಏನು ಹಾಕುವುದು? ಮನೆಯಲ್ಲಿ ಇದ್ದದ್ದು ಕಡಲೆಪುರಿ. ಯುಗಾದಿಗೆ ಹೋಳಿಗೆ ಮಾಡಿದಾಗ ಹಾಕಿ ಕೊಟ್ಟರಾಯಿತು ಎಂದು ಗೂಡಿನಲ್ಲಿಟ್ಟಳು. ಯುಗಾದಿ ಬಂತು. ಮಾಡಿದ ಹೋಳಿಗೆ ಮನೆಯವರಿಗೇ ಸಾಲಲಿಲ್ಲ. ಇನ್ನೂ ತಡವಾಯಿತು. ತಡವಾದ ಪಾತ್ರೆಯಲ್ಲಿ ಸಣ್ಣ ವಸ್ತು ಇಡುವ ಹಾಗಿಲ್ಲ. ದಿನ ಕಳೆದಂತೆ ಒಳಗಿಡಬೇಕಾದದ್ದು ದೊಡ್ಡದಾಗುತ್ತ ಹೋಯಿತು, ಪಾತ್ರೆ ಮಾತ್ರ ಅಲ್ಲೇ ಉಳಿಯಿತು. ಹನ್ನೆರಡು ಮನೆಯಲ್ಲೂ ಹೀಗೇ ಆಯಿತು.

ಪಾಲಾಕ್ಷ ಇಲ್ಲಿ ತಡೆದ. “ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ ಬುದ್ಧಿ?”

“ಚಿರೋಟಿ ಕಳಿಸಿದವನಿಗೆ ಹಾಗೆ ಕಾಣುತ್ತದೆ,” ಎಂದರು ಗುರುಗಳು. “ನೀನು ಕಾಳು ಹಿತಕು.”

ಬೇರೆಯವರ ಪಾತ್ರೆ ಮನೆಯಲ್ಲಿದ್ದರೆ ಅವರ ಮುಖ ನೋಡುವುದು ಕಷ್ಟ. ಕುಂಬಾರನ ಹೆಂಡತಿ ನೀರಿಗೆ ಹಿತ್ತಿಲ ದಾರಿಯಲ್ಲಿ ಹೋಗತೊಡಗಿದಳು. ಬಳೆಗಾರನ ಹೆಂಡತಿ ವ್ಯಾಪಾರಿಯ ಮನೆಯ ಮುಂದೆ ಬಂದಾಗ ಸೆರಗು ಸರಿ ಮಾಡಿಕೊಳ್ಳುವವಳಂತೆ ಬೇರೆ ಕಡೆ ತಿರುಗುತ್ತಿದ್ದಳು. ಆ ಮನೆಗೆ ಹೋಗಬೇಡಿ, ಬೋಗುಣಿ ಎಲ್ಲಿ ಎಂದು ಕೇಳಿಯಾರು ಎಂದು ತಾಯಂದಿರು ಮಕ್ಕಳಿಗೆ ಹೇಳಿದರು. ವ್ಯಾಪಾರಿ ಕನಸಿನಲ್ಲೂ ಬೋಗುಣಿ ಕೇಳುವವನಲ್ಲ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಕುಂಬಾರನ ಮಗಳ ದಿನ ಬಂತು. ತಾಯಿ ಕಡಲೆಪುರಿ ತಂದಿಟ್ಟಳು, ಕಾಯಿ ತುರಿದಳು. ಎಲೆ ಹಾಕಿದರೆ ವ್ಯಾಪಾರಿಯ ಮಗಳನ್ನೂ ಕರೆಯಬೇಕು. ಅವಳನ್ನು ಬಿಟ್ಟು ಕರೆಯುವುದು ಆ ಬೀದಿಯ ಮರ್ಯಾದೆಯಲ್ಲ. ಕರೆದರೆ, ಚಿರೋಟಿ ಬಡಿಸಿದ ಮನೆಯ ಮಗುವಿನ ಎಲೆಗೆ ಇದನ್ನು ಹೇಗೆ ಹಾಕುವುದು? ಅವಳು ತನ್ನ ಮಗಳ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ, ತಲೆ ಸವರಿ, ಬಾಗಿಲು ಮುಂದಕ್ಕೆಳೆದುಕೊಂಡಳು. ಕುಂಬಾರರೇ ಹಾಕಲಿಲ್ಲ, ನಾವೇಕೆ ಎಂದರು ನೇಕಾರರು. ಹೀಗೆ ಒಂದೊಂದೇ ಮನೆ ಸುಮ್ಮನಾಯಿತು. ಹದಿನೆಂಟು ದಿನಗಳೂ ಬಂದವು, ಹೋದವು.

ಬೀದಿಯಲ್ಲಿ ಅವನ್ನು ಮರೆಯದವಳು ಒಬ್ಬಳೇ. ಪ್ರತಿ ದಿನಕ್ಕೂ ವ್ಯಾಪಾರಿಯ ಮಗಳು ತಾನಾಗಿ ಕೇಳಿ ಎಣ್ಣೆನೀರು ಹಾಕಿಸಿಕೊಳ್ಳುತ್ತಿದ್ದಳು. ಹಸಿರು ಲಂಗ ಉಟ್ಟು ಜಗಲಿಯ ಮೇಲೆ ಕುಳಿತುಕೊಳ್ಳುತ್ತಿದ್ದಳು. ಊಟದ ಹೊತ್ತು ಮೀರುವವರೆಗೆ ಕಾದು, ಒಳಗೆ ಬಂದು ಲಂಗ ಬಿಚ್ಚಿ ಮಡಿಸಿಡುತ್ತಿದ್ದಳು. ವ್ಯಾಪಾರಿ ಇದನ್ನು ಆಟ ಎಂದುಕೊಂಡಿದ್ದ. ಹದಿನೆಂಟನೆಯ ಸಲ ಲಂಗ ಮಡಿಸಿಟ್ಟ ಮೇಲೆ ಅವಳು ಅವನ ಹತ್ತಿರ ಬಂದು ಕೇಳಿದಳು.

“ಅಪ್ಪಾ, ಈ ಬೀದೀಲಿ ಇನ್ನು ಯಾರ್ಗೂ ವರ್ಷ ತುಂಬಲ್ವಾ?”

ವ್ಯಾಪಾರಿಗೆ ಆಗ ಲೆಕ್ಕ ಹೊಳೆಯಿತು, ಅರ್ಥ ಹೊಳೆಯಲಿಲ್ಲ. ಅವನಿಗೆ ಬಂದದ್ದು ಸಿಟ್ಟು. ಉಂಡೂ ಹೋದರು, ಕೊಂಡೂ ಹೋದರು ಎಂದು ಹೆಂಡತಿಯ ಮುಂದೆ ಕೂಗಾಡಿದ. ನನ್ನ ಮಗಳಿಗೆ ಒಂದು ತುತ್ತು ಹಾಕಲು ಇವರಿಗೆ ಕೈ ಬರಲಿಲ್ಲವಲ್ಲ ಎಂದ. ಆಮೇಲೆ ಸಿಟ್ಟು ಇಳಿದು ಹಟ ಬಂತು. ಕಳೆದ ಸಲ ಕಡಿಮೆಯಾಗಿರಬೇಕು. ಈ ಸಲ ಮಾಡುವ ಊಟಕ್ಕೆ ಬೀದಿ ತಾನಾಗಿ ಎದ್ದು ಬರಬೇಕು ಎಂದ. ನೋವು ಎಲ್ಲಿದೆಯೆಂದು ತಿಳಿಯದ ವೈದ್ಯನೂ ಹೀಗೆಯೇ ಮದ್ದನ್ನು ಎರಡರಷ್ಟು ಮಾಡುತ್ತಾನೆ.

ಮಗಳಿಗೆ ಆರು ತುಂಬಿದ ದಿನ ಅಡುಗೆಯವರು ಮತ್ತೆ ಬಂದರು. ಈ ಸಲ ಇಬ್ಬರು ಹೆಚ್ಚಿಗೆ. ಚಪ್ಪರ ಹಾಕಿ, ಹದಿನೆಂಟು ಎಲೆ, ಮಗಳದೊಂದು, ಹೀಗೆ ಸಾಲು ಹಾಕಿದರು. ಹನ್ನೆರಡು ಮನೆಗೂ ಕರೆ ಹೋಯಿತು. ಒಂದು ಮನೆಯಿಂದ ಮಗುವಿಗೆ ನೆಗಡಿ ಎಂದು ಹೇಳಿಕಳಿಸಿದರು. ಇನ್ನೊಂದು ಮನೆಯವರು ಅಜ್ಜಿಯ ಊರಿಗೆ ಹೋಗಿದ್ದಾರಂತೆ. ಮತ್ತೊಂದು ಮನೆಯಲ್ಲಿ ಹೊಟ್ಟೆನೋವು. ಒಂದೇ ಬೆಳಗ್ಗೆ ಹದಿನೆಂಟು ಮಕ್ಕಳಿಗೂ ಏನಾದರೊಂದು ಆಗಿತ್ತು.

ಮಗಳು ತನ್ನ ಎಲೆಯ ಮುಂದೆ ಕುಳಿತಳು. ಬಡಿಸಬೇಡಿ, ಎಲ್ಲರೂ ಬರಲಿ ಎಂದಳು. ಅನ್ನ ಆರಿತು. ಅಡುಗೆಯವರು ಗೋಡೆಗೆ ಒರಗಿ ನಿಂತರು. ಹೊತ್ತು ಇಳಿದ ಮೇಲೆ ಅವಳು ಎದ್ದು ಸಾಲಿನ ಕೊನೆಗೆ ಹೋದಳು. ಉಂಡಾದ ಮೇಲೆ ಮಡಚುವಂತೆ, ಯಾರೂ ಉಣ್ಣದ ಎಲೆಗಳನ್ನು ಒಂದೊಂದಾಗಿ ಮಡಚುತ್ತ ಬಂದಳು. ಒಂದೊಂದು ಎಲೆಗೂ ಒಂದೊಂದು ಮಗುವಿನ ಹೆಸರು ಹೇಳಿದಳು. ಅವಳು ಅಳಲಿಲ್ಲ. ವ್ಯಾಪಾರಿ ಕಂಬ ಹಿಡಿದು ನಿಂತು ಅತ್ತ.

ಅಡುಗೆಯವರು ಊಟವನ್ನು ಹೊತ್ತುಕೊಂಡು ಹೋಗಿ ಛತ್ರದಲ್ಲಿ ಹಂಚಿದರು. ಅವರು ಹೋಗುವುದನ್ನು ಕಂಡು ಬೀದಿಯ ಕೊನೆಯ ಮನೆಯ ಮುದುಕಿ ಬಂದಳು. ಅವಳು ಸೂಲಗಿತ್ತಿ. ಹದಿನೆಂಟು ಮಕ್ಕಳಲ್ಲಿ ಹೆಚ್ಚಿನವರನ್ನು ಮೊದಲು ಎತ್ತಿಕೊಂಡದ್ದು ಅವಳ ಕೈ. ಹನ್ನೆರಡರಲ್ಲಿ ಒಂದು ಬೋಗುಣಿ ಅವಳ ಮನೆಗೂ ಹೋಗಿತ್ತು. ಅದನ್ನು ಈಗ ಸೆರಗಿನಡಿ ಹಿಡಿದು ತಂದಿದ್ದಳು. ಒಳಗೆ ಒಂದು ಹಿಡಿ ಹುರಿಗಡಲೆ. ನಾನೇನು ತಪ್ಪು ಮಾಡಿದೆ ಎಂದು ವ್ಯಾಪಾರಿ ಅವಳನ್ನು ಕೇಳಿದ.

“ತಪ್ಪಲ್ಲ ಕಣಪ್ಪ,” ಎಂದಳು ಮುದುಕಿ. “ನೀನು ತುಂಬಿ ಕಳಿಸ್ದೆ. ತುಂಬಿದ್ದಾಗ ಒಂದೇ ಕೈಲಿ ಇಳಿಸ್ಕೊಂಡ್ವಿ. ಬರಿದಾದ್ಮೇಲೆ ಎತ್ತಕ್ಕೆ ಆಗ್ಲಿಲ್ಲ. ನಂಗೆ ವಯಸ್ಸಾಯ್ತು, ನಾಚಿಕೆ ಬಿಟ್ಟು ಬಂದೆ. ಅವರು ಬಾಳೋ ಜನ, ಅವರಿಗೆ ನಾಚಿಕೆ ಬೇಕು.”

ಬೋಗುಣಿಗಳ ಸುದ್ದಿ ವ್ಯಾಪಾರಿಗೆ ಗೊತ್ತಾದದ್ದು ಆಗ. ಮುದುಕಿ ಇನ್ನೊಂದು ಮಾತು ಕೇಳಿದಳು. ಈ ಬೀದಿಗೆ ಬಂದು ಎರಡು ವರ್ಷವಾಯಿತು, ಯಾರ ಮನೆಯಲ್ಲಾದರೂ ಒಂದು ಲೋಟ ಮಜ್ಜಿಗೆ ಕುಡಿದಿದ್ದೀಯಾ ಎಂದಳು. ಕುಡಿದಿರಲಿಲ್ಲ. ಕೊಡಲು ಬಂದವರಿಗೆ ಬೇಡ ಬೇಡ, ನಿಮಗೇಕೆ ತೊಂದರೆ ಎಂದು ಹೇಳಿ ಕಳಿಸಿದ್ದ. ಅದನ್ನು ಅವನು ಒಳ್ಳೆಯತನ ಎಂದು ತಿಳಿದಿದ್ದ.

ಮರುದಿನ ಬೆಳಗ್ಗೆ ವ್ಯಾಪಾರಿ ಕುಂಬಾರನ ಮನೆಯ ಮುಂದೆ ನಿಂತ. ಬೇಡಿ ಅವನಿಗೆ ಅಭ್ಯಾಸವಿರಲಿಲ್ಲ. ಬಾಗಿಲು ತೆರೆದ ಹೆಂಗಸು ಅವನನ್ನು ಕಂಡು ಬಿಳಿಚಿಕೊಂಡಳು. ಅವಳ ಹಿಂದೆ ಗೂಡಿನಲ್ಲಿ ಬೋಗುಣಿ ಕಾಣುತ್ತಿತ್ತು. ವಾರವಾರವೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಅದು ಕೊಟ್ಟ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಒಂದು ವರ್ಷದಿಂದ ಅವಳು ಅದನ್ನು ತಿಕ್ಕುತ್ತಲೇ ಇದ್ದಳು. ವ್ಯಾಪಾರಿ ಅದರ ಕಡೆ ನೋಡದೆ ಕೇಳಿದ.

“ತಾಯಿ, ಮಗಳು ಕಡಲೆಪುರಿ ಬೇಕು ಅಂತಾಳೆ. ನಮ್ಮನೇಲಿ ಇಲ್ಲ. ಸಾಯಂಕಾಲ ನಿಮ್ಮ ಮಗಳ ಕೈಲಿ ಒಂದಿಷ್ಟು ಕಳಿಸಿಕೊಡ್ತೀರಾ?”

ಅವಳು ಗೂಡಿನಿಂದ ಬೋಗುಣಿ ಇಳಿಸಿದಳು. ಸಾಯಂಕಾಲದವರೆಗೆ ಕಾಯಲಿಲ್ಲ. ಅವನ ಕಣ್ಣೆದುರೇ ಕಡಲೆಪುರಿ ತುಂಬಿದಳು, ಒತ್ತಿ ತುಂಬಿದಳು, ಮೇಲೆ ಗೋಪುರ ಬರುವಂತೆ ಇನ್ನೊಂದು ಬೊಗಸೆ ಸುರಿದಳು. ಕೂತುಕೊಳ್ಳಿ ಅಣ್ಣ, ಮಜ್ಜಿಗೆ ಕೊಡ್ತೀನಿ ಎಂದಳು. ವ್ಯಾಪಾರಿ ಕುಳಿತು ಮಜ್ಜಿಗೆ ಕುಡಿದ.

ಹೀಗೆ ಉಳಿದ ಮನೆಗಳಿಗೂ ಹೋದ. ಯಾರ ಮನೆಯಲ್ಲಿ ಏನು ಹಾಕುತ್ತಿದ್ದರೋ ಅದನ್ನೇ ಕೇಳಿದ. ಏನು ಎಂಬುದನ್ನು ಮಗಳು ಹೇಳಿಕೊಟ್ಟಿದ್ದಳು. ಮಧ್ಯಾಹ್ನಕ್ಕೆ ಅವನ ಹೊಟ್ಟೆಯಲ್ಲಿ ಹನ್ನೊಂದು ಲೋಟ ಮಜ್ಜಿಗೆ ಇತ್ತು.

ಸಾಯಂಕಾಲ ಮಕ್ಕಳು ಬಂದರು. ನೆಗಡಿ, ಹೊಟ್ಟೆನೋವು ಯಾರಿಗೂ ಇರಲಿಲ್ಲ. ಒಂದೊಂದು ಮನೆಯ ಮಕ್ಕಳೂ ಬೋಗುಣಿ ಹೊತ್ತು ತಂದಿದ್ದರು. ಎಳ್ಳುಂಡೆ, ಕೋಸಂಬರಿ, ಬೆಲ್ಲ, ಬೇಯಿಸಿದ ಕಡಲೆಕಾಯಿ. ಒಬ್ಬಳು ಮಾತ್ರ ಕೇಳಿದ್ದನ್ನು ಬಿಟ್ಟು ಹೋಳಿಗೆಯನ್ನೇ ಮಾಡಿ ಕಳಿಸಿದಳು. ಸೋಲಲಾರದವರು ಎಲ್ಲ ಬೀದಿಯಲ್ಲೂ ಒಬ್ಬರಿರುತ್ತಾರೆ. ನೇಕಾರನ ಮನೆಯ ಬೋಗುಣಿ ಬರಲಿಲ್ಲ. ಆ ಮನೆಯ ಮಕ್ಕಳು ಅವಲಕ್ಕಿಯನ್ನು ಮೊರದಲ್ಲಿ ತಂದರು. ಆ ವರ್ಷ ಆ ಮನೆಯಲ್ಲಿ ಮಗ್ಗ ನಿಂತಿತ್ತು. ಬೋಗುಣಿ ಎಲ್ಲಿಗೆ ಹೋಯಿತು ಎಂದು ವ್ಯಾಪಾರಿ ಕೇಳಲಿಲ್ಲ. ಮೊರವನ್ನು ಎರಡೂ ಕೈ ಚಾಚಿ ತೆಗೆದುಕೊಂಡ.

ಮಕ್ಕಳು ಸಾಲಾಗಿ ಕುಳಿತರು. ವ್ಯಾಪಾರಿಯ ಹೆಂಡತಿ ಕಡಲೆಪುರಿಗೆ ಕಾಯಿ, ಬೆಲ್ಲ ಕಲಸಿ ಹಾಕಿದಳು. ವ್ಯಾಪಾರಿ ಸಾಲಿನ ಕೊನೆಯಲ್ಲಿ ತಾನೂ ಒಂದು ಎಲೆ ಹಾಕಿಕೊಂಡು ಕುಳಿತು, ಕೇಳಿ ಎರಡು ಸಲ ಹಾಕಿಸಿಕೊಂಡ. ಅವನ ತಲೆಗೂ ಕಡಲೆಕಾಯಿ ಸಿಪ್ಪೆ ಬಿತ್ತು.

ಇಪ್ಪತ್ತು ದಿನ ಕಳೆದು ಕುಂಬಾರನ ಮಗಳ ದಿನ ಬಂತು. ವ್ಯಾಪಾರಿಯ ಮಗಳು ಎಣ್ಣೆನೀರು ಹಾಕಿಸಿಕೊಂಡು ಹಸಿರು ಲಂಗ ಉಟ್ಟಳು. ಜಗಲಿಯ ಮೇಲೆ ಕೂರಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ. ಅಷ್ಟರಲ್ಲೇ ಕರೆಯಲು ಬಂದಿದ್ದರು.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಗಳನ್ನು ಒಂದು ಕಡೆಗೆ ಗುಡಿಸಿದರು. ಪಾಲಾಕ್ಷನ ಮುಖ ಅರಳಿತ್ತು. ಜೇಬಿನಿಂದ ಪಟ್ಟಿ ತೆಗೆದು, ಹತ್ತೊಂಬತ್ತು ಹೆಸರುಗಳ ಮೇಲೂ ಉದ್ದಕ್ಕೆ ಒಂದು ಗೀಟು ಎಳೆದ. ಅರ್ಥವಾಯಿತು ಬುದ್ಧಿ, ಅತಿಯಾದರೆ ಅಮೃತವೂ ವಿಷ, ಮೂವತ್ತು ಮಕ್ಕಳಿಗೂ ಕಡಲೆಪುರಿಯನ್ನೇ ಹಾಕುತ್ತೇನೆ ಎಂದ. ಅದನ್ನು ಬಿಳಿ ಕಾಗದದ ಪೊಟ್ಟಣದಲ್ಲಿ ಕಟ್ಟಿಸಬೇಕೋ, ಬಾಳೆಲೆಯ ಮೇಲೆ ಹಾಕಬೇಕೋ ಎಂದು ಆಗಲೇ ಯೋಚಿಸತೊಡಗಿದ್ದ.

ಗುರುಗಳು ಕೊನೆಯ ಕಾಳನ್ನು ಹಿತಕಿ ಪಾತ್ರೆಗೆ ಹಾಕಿದರು.

“ಹತ್ತೊಂಬತ್ತಾದರೂ ಹಾಕು, ಒಂದಾದರೂ ಹಾಕು, ಆ ಮೂವತ್ತು ಮಕ್ಕಳಲ್ಲಿ ಯಾರ ಮನೆಯಲ್ಲಿ ನಿನ್ನ ಮಗಳು ಉಂಡಿದ್ದಾಳೆ?”

ಪಾಲಾಕ್ಷ ಬೆರಳು ಮಡಿಸಿ ಎಣಿಸಲು ಕೈ ಎತ್ತಿದ. ಒಂದು ಬೆರಳೂ ಮಡಿಯಲಿಲ್ಲ.